ಹಾಲಿನ ಲೆಕ್ಕ ಹಸುವಿನ ಹೆಸರಲ್ಲಿರಲಿ

ಕೆಚ್ಚಲು ಊದಿ, ಮುಟ್ಟಿದರೆ ಬಿಸಿಯಾಗಿ, ಹಾಲು ಗಡ್ಡೆಗಡ್ಡೆಯಾಗಿ ಬಂದರೆ ಯಾರಾದರೂ ಕೆಚ್ಚಲು ಬಾವು ಎಂದು ಹೇಳಿಬಿಡುತ್ತಾರೆ, ಡಾಕ್ಟರೂ ಬರುತ್ತಾರೆ. ರೈತನನ್ನು ಹೆಚ್ಚು ಸೋಲಿಸುವುದು ಕಣ್ಣಿಗೆ ಕಾಣದ ಬಾವು. ಹಾಲು ಬೆಳ್ಳಗೇ ಇರುತ್ತದೆ, ಹಸು ಮೇವು ಬಿಡುವುದಿಲ್ಲ, ಕರಾವು ಮಾತ್ರ ದಿನದಿನಕ್ಕೆ ಕಡಿಮೆ. ನಾವು ಬಿಸಿಲನ್ನೋ ಬೂಸಾವನ್ನೋ ದೂರಿ ಸುಮ್ಮನಾಗುತ್ತೇವೆ.

ಈ ನಷ್ಟವನ್ನು ಹಿಡಿದುಕೊಡಬಲ್ಲದ್ದು ಸಂಖ್ಯಾಶಾಸ್ತ್ರ. ಕರು ಹಾಕಿದ ಮೇಲೆ ಹಾಲು ಏರುತ್ತ ಹೋಗಿ, ಆರೆಂಟು ವಾರಕ್ಕೆ ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಬ್ರಿಟನ್ನಿನ ಸಂಶೋಧಕ ವುಡ್ 1967ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಏರಿಳಿತವನ್ನು ಮೂರೇ ಸಂಖ್ಯೆಗಳ ಸೂತ್ರಕ್ಕೆ ತಂದರು. ಈ ಹಸು ಇವತ್ತು ಎಷ್ಟು ಕೊಡಬೇಕಿತ್ತು ಎಂದು ಗೊತ್ತಾದರೆ, ಎಷ್ಟು ಕೊಡಲಿಲ್ಲ ಎಂಬುದೂ ಗೊತ್ತಾಗುತ್ತದೆ.

ರೋಗದ ಹಸುಗಳ ಸರಾಸರಿಯನ್ನು ಆರೋಗ್ಯವಂತ ಹಸುಗಳ ಸರಾಸರಿಯೊಡನೆ ಹೋಲಿಸಿದರೆ ಮಾತ್ರ ದಾರಿ ತಪ್ಪುತ್ತೇವೆ. ಬಾವು ಹೆಚ್ಚಾಗಿ ಕಾಡುವುದೇ ಹೆಚ್ಚು ಹಾಲಿನ ಹಸುಗಳನ್ನು. 20 ಲೀಟರಿನ ಹಸು 17ಕ್ಕೆ ಇಳಿದರೂ ಪಕ್ಕದ 14 ಲೀಟರಿನ ಹಸುವಿಗಿಂತ ಮೇಲೇ ನಿಲ್ಲುತ್ತದೆ. ಕಳೆದುಹೋದ 3 ಲೀಟರ್ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಸಂಖ್ಯಾಶಾಸ್ತ್ರದಲ್ಲಿ ಮಿಶ್ರ ಮಾದರಿ ಎನ್ನುವ ಲೆಕ್ಕದ ವಿಧಾನಗಳು ಪ್ರತಿ ಹಸುವಿಗೂ ಅದರದೇ ಗೆರೆ ಎಳೆದು, ಹಸುವನ್ನು ಅದರೊಡನೆಯೇ ಹೋಲಿಸುತ್ತವೆ. ಹಾಗೆ ನೋಡಿದಾಗ ಇನ್ನೊಂದು ಕಹಿ ಸತ್ಯವೂ ತಿಳಿದುಬಂತು: ಬಾವು ವಾಸಿಯಾದರೂ ಎಷ್ಟೋ ಹಸುಗಳ ಹಾಲು ಆ ಸೂಲಿನಲ್ಲಿ ಹಳೆಯ ಗೆರೆಗೆ ಮರಳುವುದಿಲ್ಲ.

ಇನ್ನು ಹಾಲಿನಲ್ಲಿರುವ ಜೀವಕೋಶಗಳ ಎಣಿಕೆ. ಮಿಲಿಲೀಟರಿಗೆ 2 ಲಕ್ಷ ದಾಟಿದರೆ ಸೋಂಕಿನ ಅನುಮಾನ. ಎಣಿಕೆ ಒಂದೊಂದು ಬಾರಿ ದುಪ್ಪಟ್ಟಾದಾಗಲೂ ಹೆಚ್ಚುಕಡಿಮೆ ಅಷ್ಟಷ್ಟೇ ಹಾಲು ಕಳೆಯುತ್ತದೆ ಎಂದು ಈ ಮಾದರಿಗಳು ಲೆಕ್ಕ ಹಾಕುತ್ತವೆ. ಕೊಟ್ಟಿಗೆಯಲ್ಲೇ ನೋಡುವ ಪರೀಕ್ಷೆಯೂ ಇದೆ. ನಾಲ್ಕು ಬಟ್ಟಲಿನ ತಟ್ಟೆಗೆ ಒಂದೊಂದು ಮೊಲೆಯ ಹಾಲು ಹಿಂಡಿ, ದ್ರಾವಣ ಬೆರೆಸಿ ಆಡಿಸಬೇಕು. ಬಾವಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ.

ನಮ್ಮ ಹಳ್ಳಿಯ ಡೇರಿಗಳಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಎಲ್ಲವೂ ಚೀಟಿಯಲ್ಲಿ ಅಚ್ಚಾಗುತ್ತವೆ. ಆದರೆ ಚೀಟಿ ಇರುವುದು ಸದಸ್ಯನ ಹೆಸರಲ್ಲಿ. ಮೂರು ಹಸುಗಳ ಹಾಲು ಒಂದೇ ಕ್ಯಾನಿಗೆ ಬಿದ್ದ ಮೇಲೆ ಯಾವ ಹಸು ಸೊರಗುತ್ತಿದೆ ಎಂದು ಯಾವ ಸೂತ್ರ ಹೇಳೀತು? ಹಸುವಿನ ಕಿವಿಯಲ್ಲಿ 12 ಅಂಕಿಯ ಗುರುತಿನ ಓಲೆ ಆಗಲೇ ಇದೆ. ಅದರ ಎದುರಿಗೆ ಹಾಲಿನ ಲೆಕ್ಕ ಬರೆಯಬೇಕು, ಅಷ್ಟೇ. ದಿನಾ ಬೇಕಿಲ್ಲ, ತಿಂಗಳಿಗೆ ಒಂದು ದಿನ ಅಳೆದರೂ ಈ ಮಾದರಿಗಳಿಗೆ ಸಾಕು.

ಹಸುವಾರು ದಾಖಲೆಯನ್ನೂ ಜೀವಕೋಶಗಳ ಎಣಿಕೆಯನ್ನೂ ಹಾಲು ಒಕ್ಕೂಟಗಳೇ ವಹಿಸಿಕೊಳ್ಳಬೇಕು. ಸಂಘದ ಸದಸ್ಯರೇ, ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿ. ಅಲ್ಲಿಯವರೆಗೆ, ಕರು ಹಾಕಿದ ತಾರೀಖನ್ನೂ ತಿಂಗಳಿಗೊಂದು ದಿನದ ಎರಡು ಹೊತ್ತಿನ ಕರಾವನ್ನೂ ಹಸುವಿಗೊಂದು ಪುಟದಂತೆ ನೀವೇ ಬರೆದಿಡಿ.