ಅನುಕೂಲ ನಮ್ಮದು, ಲೆಕ್ಕ ಯಾರದು?

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಗಲ್ಲಾ ಪಕ್ಕ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಕಾಣಿಸಿಕೊಂಡವು. ಕ್ಯೂಆರ್ ಸ್ಟಿಕ್ಕರನ್ನೇ ಕಿತ್ತುಹಾಕಿದವರೂ ಇದ್ದರು. 2016ರಲ್ಲಿ ಶುರುವಾದ ಯುಪಿಐಯನ್ನು ದೇಶದಲ್ಲೇ ಮೊದಲು ಮೈಗೂಡಿಸಿಕೊಂಡ ಊರುಗಳಲ್ಲಿ ಒಂದಾದ ಬೆಂಗಳೂರು ಹತ್ತು ವರ್ಷ ತುಂಬುವ ಮೊದಲೇ ಅದಕ್ಕೆ ಹೆದರಿತು. ವಾಣಿಜ್ಯ ತೆರಿಗೆ ಇಲಾಖೆ 2021–22ರಿಂದ ನಾಲ್ಕು ವರ್ಷಗಳ ಯುಪಿಐ ಜಮೆಯ ಮಾಹಿತಿ ತರಿಸಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಿ ಎಂಬ ನೋಟಿಸ್ ಬಂತು. ಜುಲೈ 25ಕ್ಕೆ ಬಂದ್ ಕರೆ, ಮುಖ್ಯಮಂತ್ರಿಯ ಸಭೆ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ. ಅಲ್ಲಿಗೆ ಗಲಾಟೆ ತಣ್ಣಗಾಯಿತು.

ಆದರೆ ಆ ಗಲಾಟೆ ಎತ್ತಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಮನೆಗೆ, ಅಂಗಡಿಗೆ, ಮೈಮೇಲೆ ಬರುತ್ತಿರುವ ಹೊಸ ಸಾಧನಗಳೆಲ್ಲ ಅನುಕೂಲದ ಜೊತೆಗೇ ಒಂದು ಲೆಕ್ಕವನ್ನೂ ಬರೆಯುತ್ತಾ ಹೋಗುತ್ತವೆ. ಆ ಲೆಕ್ಕವನ್ನು ಮೊದಲು ನೋಡುವವರು ಯಾರು?

ಸೌಂಡ್ ಬಾಕ್ಸನ್ನೇ ತೆಗೆದುಕೊಳ್ಳಿ. ಒಂದು ಸಿಮ್, ಒಂದು ಸ್ಪೀಕರ್, ತಿಂಗಳಿಗಿಷ್ಟು ಬಾಡಿಗೆ. ದೋಸೆ ಹುಯ್ಯುವವರ ಕೈಯಲ್ಲಿ ಸೌಟು, ಬೆರಳಲ್ಲಿ ಹಿಟ್ಟು. ಫೋನ್ ತೆಗೆದು ಮೆಸೇಜ್ ನೋಡಲು ಪುರಸೊತ್ತಿಲ್ಲ. ‘ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂಬ ಕನ್ನಡದ ದನಿ ಕಿವಿಗೆ ಬಿದ್ದರೆ ಸಾಕು, ಮುಂದಿನ ಗಿರಾಕಿಯತ್ತ ತಿರುಗಬಹುದು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಮೆಲ್ಲಗೆ ಜಾರಿಕೊಳ್ಳುವವರ ಆಟವೂ ಇದರಿಂದ ನಿಂತಿತು. ಓದು ಬರಹ ಬಾರದವರಿಗೆ ಇಷ್ಟು ನೇರವಾಗಿ ಉಪಯೋಗಕ್ಕೆ ಬಂದ ಇನ್ನೊಂದು ಯಂತ್ರ ಈಚಿನ ವರ್ಷಗಳಲ್ಲಿ ನನಗಂತೂ ಕಂಡಿಲ್ಲ.

ಆ ಪೆಟ್ಟಿಗೆಯ ಹಿಂದಿರುವ ಕಂಪನಿ ಅದೇ ಲೆಕ್ಕ ನೋಡಿ ಅಂಗಡಿಯವರಿಗೆ ಸಾಲ ಕೊಡಿಸುತ್ತದೆ. ಕಂತನ್ನು ದಿನದ ಜಮೆಯಲ್ಲೇ ಮುರಿದುಕೊಳ್ಳುವ ಏರ್ಪಾಡೂ ಇದೆ. ಇಲಾಖೆ ಅದೇ ಬಗೆಯ ಲೆಕ್ಕ ತರಿಸಿಕೊಂಡು ತೆರಿಗೆ ಕೇಳುತ್ತದೆ. ತಮ್ಮದೇ ವಹಿವಾಟಿನ ವರ್ಷದ ಮೊತ್ತ ಎಷ್ಟೆಂದು ತಿಳಿಯದೇ ಉಳಿದವರು ಅಂಗಡಿಯವರು ಮಾತ್ರ. ಸರಕು ಮಾರಾಟಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಐದು ರೂಪಾಯಿ ಬಂದರೂ ಕೂಗಿ ಹೇಳುವ ಯಂತ್ರ ಈ ಗಡಿ ಹತ್ತಿರವಾದಾಗ ತುಟಿ ಬಿಚ್ಚಲಿಲ್ಲ. ಹೇಳಿಸುವುದು ಕಷ್ಟದ ಕೆಲಸವಲ್ಲ. ಹೇಳಬೇಕೆಂದು ಯಾರೂ ವಿಧಿಸಿರಲಿಲ್ಲ, ಅಷ್ಟೇ.

ತೆರಿಗೆ ತಪ್ಪಿಸುವವರ ಪರ ನನ್ನ ವಕಾಲತ್ತಿಲ್ಲ. ಗಡಿ ದಾಟಿದವರು ಕಟ್ಟಬೇಕು. ಆದರೆ ನಾಲ್ಕು ವರ್ಷ ಸುಮ್ಮನಿದ್ದು ಒಂದೇ ಸಲಕ್ಕೆ ಲೆಕ್ಕ ಮುಂದಿಡುವುದು, ಮಗ ಕಳಿಸಿದ ದುಡ್ಡು, ಪಕ್ಕದ ಅಂಗಡಿಯವರ ಕೈಗಡ ಎಲ್ಲವೂ ವಹಿವಾಟಿನ ಮೊತ್ತದಲ್ಲಿ ಬೆರೆತುಹೋಗುವುದು ಆಡಳಿತವಲ್ಲ, ಬಲೆ.

ಇದೇ ಕಥೆಯ ಮುಂದಿನ ಅಧ್ಯಾಯ ಸ್ಮಾರ್ಟ್ ಮೀಟರ್. 2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಅದನ್ನು ಕಡ್ಡಾಯ ಮಾಡಿದಾಗ ಚರ್ಚೆಯೆಲ್ಲ ಬೆಲೆಯ ಸುತ್ತಲೇ ತಿರುಗಿತು. ಸಾವಿರದೊಳಗೆ ಸಿಗುತ್ತಿದ್ದ ಸಿಂಗಲ್ ಫೇಸ್ ಮೀಟರಿಗೆ ಐದು ಸಾವಿರದ ಹತ್ತಿರ ಅಂದರೆ ಸಿಟ್ಟು ಬಾರದೆ ಇರುತ್ತದೆಯೇ? ಬೆಲೆಯ ಜಗಳದಲ್ಲಿ ಮರೆತದ್ದು ಮೀಟರಿನ ಸ್ವಭಾವ. ಹಳೆಯ ಮೀಟರ್ ತಿಂಗಳಿಗೊಂದು ಅಂಕಿ ಕೊಡುತ್ತಿತ್ತು. ಹೊಸದು 15 ಅಥವಾ 30 ನಿಮಿಷಕ್ಕೊಮ್ಮೆ ಬಳಕೆಯನ್ನು ದಾಖಲಿಸಬಲ್ಲದು. ಗೀಸರ್ ಎಷ್ಟು ಗಂಟೆಗೆ ಹತ್ತಿತು, ಮನೆಮಂದಿ ಎಷ್ಟು ಹೊತ್ತಿಗೆ ಮಲಗುತ್ತಾರೆ ಎಂಬುದನ್ನೆಲ್ಲ ಆ ದಾಖಲೆಯಿಂದ ಊಹಿಸಬಹುದು. ದಸರಾ ರಜೆಯಲ್ಲಿ ಫ್ರಿಜ್ ಒಂದೇ ಓಡುತ್ತಿದ್ದರೆ ಮನೆಗೆ ಬೀಗ ಬಿದ್ದಿದೆ ಎಂದೇ ಅರ್ಥ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಸಂಸತ್ತಿನ ಮೇಲ್ಮನೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವುದನ್ನು ತಡೆದದ್ದು ಖಾಸಗಿತನದ ಈ ಆತಂಕದಿಂದಲೇ. ಲಾಭವೂ ಉಂಟು: ಸೌರ ವಿದ್ಯುತ್ ಹೇರಳವಾಗಿರುವ ಹಗಲಿನ ಗಂಟೆಗಳಲ್ಲಿ ಕಡಿಮೆ ದರ ವಿಧಿಸಲು ಕೇಂದ್ರದ 2023ರ ನಿಯಮ ದಾರಿ ಮಾಡಿದೆ, ಅದಕ್ಕೆ ಇಂಥ ಮೀಟರ್ ಬೇಕೇ ಬೇಕು. ಹಾಗಾಗಿ ಮೀಟರ್ ಬೇಡ ಎನ್ನುವುದು ನನ್ನ ವಾದವಲ್ಲ.

ಇನ್ನು ಕನ್ನಡಕ. ರೇ-ಬ್ಯಾನ್ ಮೆಟಾ ಸ್ಮಾರ್ಟ್ ಕನ್ನಡಕ 2025ರ ಮೇ ತಿಂಗಳಲ್ಲಿ 29,900 ರೂಪಾಯಿಯಿಂದ ಶುರುವಾಗುವ ಬೆಲೆಗೆ ಭಾರತಕ್ಕೆ ಬಂತು. ರೆಕಾರ್ಡ್ ಆಗುತ್ತಿದ್ದರೆ ಫ್ರೇಮಿನಲ್ಲಿ ಪುಟ್ಟ ದೀಪವೊಂದು ಹತ್ತುತ್ತದೆ. ಮೆಜೆಸ್ಟಿಕ್‌ನ ಬಸ್ ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಅದನ್ನು ಗಮನಿಸುವವರು ಯಾರು? 2024ರಲ್ಲಿ ಹಾರ್ವರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಈ ಕನ್ನಡಕಕ್ಕೆ ಮುಖ ಗುರುತಿಸುವ ಹುಡುಕಾಟವನ್ನು ಜೋಡಿಸಿ, ಎದುರು ಬಂದ ಅಪರಿಚಿತರ ಹೆಸರು ವಿವರ ತೆಗೆಯಬಹುದೆಂದು ತೋರಿಸಿದರು. ಸೌಂಡ್ ಬಾಕ್ಸನ್ನಾದರೂ ಅಂಗಡಿಯವರೇ ಇಟ್ಟುಕೊಂಡದ್ದು. ಇಲ್ಲಿ ದಾಖಲಾಗುವವರಿಗೆ ಸಾಧನವೂ ತಮ್ಮದಲ್ಲ, ಅನುಕೂಲವೂ ತಮ್ಮದಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಮತ್ತೆ ಹದಿನೆಂಟು ತಿಂಗಳ ಗಡುವು. ಸರ್ಕಾರ ತನ್ನ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡಬಹುದು. ವ್ಯಕ್ತಿಯೊಬ್ಬ ಸ್ವಂತಕ್ಕೆ ಮಾಡಿಕೊಳ್ಳುವ ದಾಖಲೆಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಅಂದರೆ ಕನ್ನಡಕ ಹಾಕಿಕೊಂಡು ನಿಮ್ಮನ್ನು ಚಿತ್ರಿಸುವವನು ‘ಇದು ನನ್ನ ಸ್ವಂತಕ್ಕೆ’ ಎಂದು ನುಣುಚಿಕೊಳ್ಳಲು ಜಾಗವಿದೆ.

ಇಷ್ಟು ಸಡಿಲವಾದ ಕಾಯ್ದೆಯನ್ನು ನಂಬಿ ಕೂರಲಾಗದು. ಮೀಟರಿನ ಮಟ್ಟಿಗಾದರೂ ಪ್ರಶ್ನೆ ಕೇಳಲು ಜಾಗವಿದೆ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ದರ ಪರಿಷ್ಕರಣೆಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಅಲ್ಲಿ ಯಾವ ಗ್ರಾಹಕರೂ ಆಕ್ಷೇಪಣೆ ಸಲ್ಲಿಸಬಹುದು. ಮುಂದಿನ ಬಾರಿ ಯೂನಿಟ್ಟಿಗೆ ಎಷ್ಟು ಪೈಸೆ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಬರೆದು ಕೊಡಿ: ನಮ್ಮ ಮನೆಯ ಅರ್ಧ ಗಂಟೆಯ ದಾಖಲೆ ಎಷ್ಟು ವರ್ಷ ಇರುತ್ತದೆ, ಯಾರ ಕೈಯಲ್ಲಿರುತ್ತದೆ, ಬೇರೆಯವರಿಗೆ ಕೊಡುವ ಮೊದಲು ನಮಗೆ ತಿಳಿಸುತ್ತೀರಾ?