ಪಾರಿವಾಳದ ಗೂಡಿಗೆ ನರಿ ಬಂದರೆ



ನರ್ಸಿಂಗ್ ಕಲಿತು ಹೊರನಾಡಿಗೆ ಹೋದ ಹೆಣ್ಣುಮಕ್ಕಳು ಇಲ್ಲದ ವಾರ್ಡು ನಮ್ಮ ಕಾಸರಗೋಡು ಕಡೆಯ ಧರ್ಮಕೇಂದ್ರಗಳಲ್ಲಿ ಸಿಗುವುದು ಕಷ್ಟ. ಹಿಂದೆ ಮುಂಬಯಿ, ಬಳಿಕ ಕೊಲ್ಲಿ ರಾಷ್ಟ್ರಗಳು, ಈಗ ಇಂಗ್ಲೆಂಡ್, ಐರ್ಲೆಂಡ್. ಅವರು ಫೋನು ಮಾಡಿದಾಗ ಆಸ್ಪತ್ರೆಯ ಪಾಳಿ, ಚಳಿ, ಮಕ್ಕಳ ಶಾಲೆ ಇವುಗಳದ್ದೇ ಮಾತು. ಆದರೆ ಇತ್ತೀಚೆಗೆ ಒಬ್ಬ ತಾಯಿ ಕೇಳಿದ್ದು ಪಾರಿವಾಳ ಮತ್ತು ನರಿಯ ವಿಷಯ. ಆಕೆಯ ಅನುಮತಿ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇವೆ.

ಆ ಕುಟುಂಬ ಇರುವುದು ಇಂಗ್ಲೆಂಡಿನ ಈಶಾನ್ಯ ಭಾಗದ ಡರ್ಹಾಮ್ ಸೀಮೆಯಲ್ಲಿ. ಅದು ಕಲ್ಲಿದ್ದಲಿನ ನಾಡು. ಅಲ್ಲಿಯ ಕೊನೆಯ ಆಳದ ಗಣಿ 1993ರಲ್ಲಿ ಮುಚ್ಚಿತು. ಹಗಲೆಲ್ಲ ನೆಲದಡಿಯ ಕತ್ತಲಲ್ಲಿ ದುಡಿಯುತ್ತಿದ್ದ ಜನ ಮೇಲೆ ಬಂದಾಗ ಆಕಾಶ ನೋಡಲು ಹಂಬಲಿಸಿದ್ದು ಸಹಜವೇ. ಹಾಗಾಗಿಯೋ ಏನೋ, ಗಣಿ ಕಾರ್ಮಿಕರ ಕಾಲೊನಿಗಳಲ್ಲಿ ಪಾರಿವಾಳದ ರೇಸ್ ಮನೆಮಾತಾಯಿತು. ಗೂಡಿಗೆ ಆ ಕಡೆಯವರು ‘ಕ್ರೀ’ ಎನ್ನುತ್ತಾರೆ. ಹಳೆಯ ಹಲಗೆ, ಬಾಗಿಲು, ಕಿಟಕಿ ಸಿಕ್ಕಿದ್ದೆಲ್ಲ ಜೋಡಿಸಿ ಕಟ್ಟಿ, ಬಣ್ಣ ಬಳಿದು ಚಂದ ಮಾಡಿದ ಮರದ ಮನೆ ಅದು. ಸಂಡರ್ಲೆಂಡ್ ಬಳಿಯ ರೈಹೋಪ್‌ನಲ್ಲಿರುವ ಅಂಥದೊಂದು ಗೂಡನ್ನು ಅಲ್ಲಿಯ ಸರಕಾರ ಹಳೆಯ ಇಗರ್ಜಿ, ಬಂಗಲೆಗಳ ಸಾಲಿನಲ್ಲೇ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದೆ.

ರೇಸ್ ಎಂದರೆ ಹೀಗೆ: ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟು ಲಾರಿಯಲ್ಲಿ ನೂರಾರು ಕಿಲೋಮೀಟರ್ ದೂರ ಒಯ್ದು ಒಟ್ಟಿಗೆ ಹಾರಿಬಿಡುತ್ತಾರೆ. ಪ್ರತಿ ಹಕ್ಕಿಯೂ ತನ್ನ ತನ್ನ ಗೂಡಿಗೆ ಮರಳಬೇಕು. ಒಬ್ಬೊಬ್ಬರ ಗೂಡು ಒಂದೊಂದು ದೂರದಲ್ಲಿ ಇರುವುದರಿಂದ ಮೊದಲು ಬಂದದ್ದು ಯಾರದು ಎಂದು ನೋಡುವುದಿಲ್ಲ, ನಿಮಿಷಕ್ಕೆ ಎಷ್ಟು ಗಜ ಹಾರಿತು ಎಂದು ಲೆಕ್ಕ ಹಾಕುತ್ತಾರೆ. ಮರಿಗೆ ಸುಮಾರು ಒಂದು ವಾರವಾದಾಗ ಕಾಲಿಗೆ ತೊಡಿಸಿದ ಬಳೆ ಸಾಯುವ ತನಕ ಅದರ ಗುರುತು. ಹಕ್ಕಿಯನ್ನು ಮನೆಗೆ ಎಳೆದು ತರುವುದು ಜೋಡಿ, ಮೊಟ್ಟೆ, ಮರಿ ಮತ್ತು ತಾನು ಮಲಗುವ ಮೂಲೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ, ಎರಡೂ ತಮ್ಮ ಗಂಟಲ ಚೀಲದ ಹಾಲಿನಂಥ ಆಹಾರವನ್ನು ಮರಿಗೆ ಉಣಿಸುತ್ತವೆ. ಗೂಡಿನ ಮೇಲೆ ವಿಶ್ವಾಸ ಇಲ್ಲದಿದ್ದರೆ ರೇಸ್ ಎಂಬುದೇ ಇಲ್ಲ. 2020ರ ನವೆಂಬರಿನಲ್ಲಿ ಬೆಲ್ಜಿಯಂನ ‘ನ್ಯೂ ಕಿಮ್’ ಎಂಬ ಹೆಣ್ಣು ಪಾರಿವಾಳ 16 ಲಕ್ಷ ಯೂರೋಗೆ ಹರಾಜಾಯಿತು ಎಂಬ ಸುದ್ದಿಯನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಡರ್ಹಾಮಿನ ಅಜ್ಜಂದಿರ ಗೂಡಿನಲ್ಲಿ ಅಷ್ಟು ಹಣ ಇಲ್ಲ. ನಲವತ್ತು ಐವತ್ತು ವರ್ಷಗಳಿಂದ ಆರಿಸಿ ಆರಿಸಿ ಉಳಿಸಿಕೊಂಡ ತಳಿ ಇದೆ.

ಈ ತಾಯಿಯ ಪಕ್ಕದ ಮನೆಯಲ್ಲಿ ಅಂಥ ಒಬ್ಬ ನಿವೃತ್ತ ಗಣಿ ಕಾರ್ಮಿಕರಿದ್ದಾರೆ. ಆಕೆಯ ಹದಿಮೂರು ವರ್ಷದ ಮಗ ಶಾಲೆ ಬಿಟ್ಟು ಬಂದವನೇ ಅಲ್ಲಿಗೆ ಓಡುತ್ತಾನೆ. ಹಿಕ್ಕೆ ಕೆರೆಯುವುದು, ನೀರು ಬದಲಿಸುವುದು, ಜೋಳ ಬಟಾಣಿ ಅಳೆದು ಹಾಕುವುದು ಅವನ ಕೆಲಸ. ಜೂನ್ ತಿಂಗಳ ಒಂದು ಶನಿವಾರ ರೇಸಿಗೆ ಹೋದ ಹನ್ನೆರಡು ಹಕ್ಕಿಗಳಲ್ಲಿ ಹತ್ತು ಮರಳಿದ್ದವು. ಅಜ್ಜನಿಗೆ ಅಂದು ಸಂಜೆ ಮಗಳ ಮನೆಗೆ ಹೋಗಲೇಬೇಕಿತ್ತು. “ಬೆಳಕು ಇಳಿಯುವಾಗ ಮುಚ್ಚಿಬಿಡು” ಎಂದು ಹೇಳಿ ಕೀಲಿ ಕೊಟ್ಟು ಹೋದರು. ಅಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ ಹತ್ತಿರವಾಗಿರುತ್ತದೆ. ಹುಡುಗ ಕಾದ. ಎರಡು ಹಕ್ಕಿಗಳು ಬರಲಿಲ್ಲ. ಅವು ದಣಿದು ಬಂದು ಬಾಗಿಲು ಮುಚ್ಚಿದ್ದನ್ನು ಕಂಡು ಹೊರಗೆ ರಾತ್ರಿ ಕಳೆಯಬೇಕಾದೀತಲ್ಲ ಎಂದು ಕನಿಕರಪಟ್ಟು, ಹಕ್ಕಿ ಇಳಿಯುವ ಹಲಗೆಯ ಬಾಗಿಲನ್ನು ಕೊಕ್ಕೆ ಹಾಕಿ ತೆರೆದೇ ಇಟ್ಟು, ಊಟಕ್ಕೆ ಹೋಗಿ ಮಲಗಿಬಿಟ್ಟ.

ಬೆಳಿಗ್ಗೆ ನೋಡಿದಾಗ 21 ಹಕ್ಕಿಗಳು ಸತ್ತು ಬಿದ್ದಿದ್ದವು, ಎರಡು ಕಾಣೆಯಾಗಿದ್ದವು. ಮೇಲಿನ ಖಾನೆಗಳಲ್ಲಿ ಅಡಗಿದ ಕೆಲವು ಮಾತ್ರ ಉಳಿದಿದ್ದವು.

ನರಿ ಹೀಗೇಕೆ ಮಾಡುತ್ತದೆ? ಹಸಿವಿಗೆ ಒಂದು ಸಾಕಲ್ಲವೇ? ನಮ್ಮ ಹಳ್ಳಿಯವರೂ ಕೇಳುವ ಪ್ರಶ್ನೆ ಇದು. ಹಾನ್ಸ್ ಕ್ರೂಕ್ ಎಂಬ ಪ್ರಾಣಿಶಾಸ್ತ್ರಜ್ಞ ಇಂಗ್ಲೆಂಡಿನ ರಾವೆನ್‌ಗ್ಲಾಸ್ ಕಡಲತೀರದಲ್ಲಿ ಇದನ್ನು ಅಭ್ಯಸಿಸಿ 1972ರಲ್ಲಿ ಪ್ರಕಟಿಸಿದರು. ಬಿರುಗಾಳಿಯ ಕಗ್ಗತ್ತಲ ರಾತ್ರಿಗಳಲ್ಲಿ ನೆಲದ ಮೇಲೆ ಗೂಡು ಕಟ್ಟಿದ ಕಡಲಹಕ್ಕಿಗಳು ಹಾರಿ ತಪ್ಪಿಸಿಕೊಳ್ಳುವುದಿಲ್ಲ. ಆಗ ನರಿ ಒಂದಾದ ಮೇಲೊಂದು ಕೊಲ್ಲುತ್ತ ಹೋಗುತ್ತದೆ, ಬಹುಪಾಲನ್ನು ಮುಟ್ಟದೇ ಬಿಡುತ್ತದೆ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಬೀಗ ಹಾಕಿದ ಗೂಡಿನಲ್ಲಿ ಅವು ಎಲ್ಲಿಗೆ ಹಾರಬೇಕು? ರೆಕ್ಕೆ ಬಡಿದಷ್ಟೂ ನರಿಯ ಬಾಯಿ ಮುಂದಾಗುತ್ತದೆ. ಸಮಯ ಸಿಕ್ಕಿದರೆ ಒಂದೊಂದಾಗಿ ಒಯ್ದು ಹೂತಿಡುತ್ತದೆ. ನರಿಯಲ್ಲಿ ದುಷ್ಟತನ ಹುಡುಕಿ ಪ್ರಯೋಜನವಿಲ್ಲ. ಮಾರ್ಚ್ ಹೊತ್ತಿಗೆ ಹೆಣ್ಣು ನರಿ ಮರಿ ಹಾಕುತ್ತದೆ. ಏಪ್ರಿಲಿನಿಂದ ಬೇಸಿಗೆಯ ತನಕ ಆ ಬಿಲದಲ್ಲೂ ಹಸಿದ ಬಾಯಿಗಳಿವೆ. ರೇಸಿನ ಋತು ಶುರುವಾಗುವುದೂ ಏಪ್ರಿಲಿನಲ್ಲೇ.

ಇನ್ನು ಆ ತಾಯಿಯ ಪ್ರಶ್ನೆ. ಹುಡುಗ ಎರಡು ದಿನ ಕೋಣೆಯಿಂದ ಹೊರಗೆ ಬಂದಿರಲಿಲ್ಲ. “ಫಾದರ್, ಅವನು ಒಂದೇ ಮಾತು ಹೇಳುತ್ತಾನೆ. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೋದ ಕುರುಬನನ್ನು ನೀವೇ ಹೊಗಳಿದಿರಿ, ನಾನು ಮಾಡಿದ್ದೂ ಅದನ್ನೇ ಅಲ್ಲವಾ, ಅಂತ. ನಾನು ಏನು ಹೇಳಲಿ?”

ಧರ್ಮೋಪದೇಶ ತರಗತಿಯಲ್ಲಿ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ನಾವೆಲ್ಲ ಎಷ್ಟು ಸುಲಭವಾಗಿ ಹೇಳಿ ಮುಗಿಸುತ್ತೇವೆ! ಆ ಹುಡುಗ ಅದನ್ನು ನಿಜವೆಂದು ನಂಬಿ ಅದರಂತೆ ನಡೆದ. ಅವನನ್ನು ‘ಪರವಾಗಿಲ್ಲ, ಹಕ್ಕಿಗಳು ತಾನೇ’ ಎಂದು ಸಮಾಧಾನಪಡಿಸುವುದು ಸರಿಯಲ್ಲ ಎಂದೇ ನಾವು ಆಕೆಗೆ ಹೇಳಿದೆವು. ‘ನಿನ್ನ ತಪ್ಪೇ ಇಲ್ಲ’ ಎನ್ನುವುದೂ ಬೇಡ. ಹೇಳಿದ ಕೆಲಸ ಮಾಡಿಲ್ಲ ಎಂಬುದು ಅವನಿಗೆ ಗೊತ್ತು, ನಾವು ಅಲ್ಲಗಳೆದರೆ ನಮ್ಮ ಮಾತನ್ನು ನಂಬುವುದನ್ನೇ ಬಿಡುತ್ತಾನೆ. ಆದರೆ ಅಜಾಗರೂಕತೆ ಬೇರೆ, ಕೇಡು ಬಗೆಯುವುದು ಬೇರೆ. ಅವನ ಕನಿಕರದಲ್ಲಿ ದೋಷವಿಲ್ಲ. ಪವಿತ್ರ ನಾಡಿನಲ್ಲಿ ಕುರಿಹಟ್ಟಿಗೆ ಕಲ್ಲಿನ ಗೋಡೆ ಇರುತ್ತಿತ್ತು, ರಾತ್ರಿ ಅದರ ಬಾಯಿಗೆ ಅಡ್ಡಲಾಗಿ ಕುರುಬ ಮಲಗುವುದೂ ಇತ್ತು. ಯೋವಾನ್ನನ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಮ್ಮನ್ನು ಬಾಗಿಲಿಗೂ ಹೋಲಿಸಿಕೊಂಡದ್ದು ಇದಕ್ಕೇ ಇರಬೇಕು. ದಾರಿ ತಪ್ಪಿದವರಿಗಾಗಿ ಬಾಗಿಲು ತೆರೆದಿಡುವವನು ಆ ಬಾಗಿಲಲ್ಲೇ ಕೂರಬೇಕಾಗುತ್ತದೆ. ಊಟಕ್ಕೆ ಹೋಗುವುದಾದರೆ ಬೇರೆ ಏರ್ಪಾಡು ಬೇಕು. ಇಷ್ಟನ್ನು ಅವನಿಗೆ ಹೇಳಿ, ಇಂದೇ ಅಜ್ಜನ ಎದುರು ಹೋಗಿ ನಿಲ್ಲಲಿ, ಸತ್ತವನ್ನು ಹೂಳಲು ಕೈಜೋಡಿಸಲಿ ಎಂದೆವು.

ಹೋದನಂತೆ. ಅಜ್ಜ ಬೈಯಲೂ ಇಲ್ಲ, ತಬ್ಬಲೂ ಇಲ್ಲ. ಗುಂಡಿ ತೋಡಿ ಮುಗಿದ ಮೇಲೆ ಕಟಿಂಗ್ ಪ್ಲೇಯರ್ ಕೈಗಿತ್ತು, “ಈ ತುದಿ ಹಿಡಿ” ಎಂದರಂತೆ.

ಆ ಬೇಸಿಗೆಯಲ್ಲಿ ಇಬ್ಬರೂ ಮಾಡಿದ ಕೆಲಸ ನಮಗೂ ಉಪಯೋಗಕ್ಕೆ ಬರುವಂಥದ್ದು. ಆರು ಮೂಲೆಯ ಕಣ್ಣಿನ ತೆಳು ಕೋಳಿಬಲೆಯನ್ನು ಮೊದಲು ಕಿತ್ತೆಸೆದರು. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನರಿಯನ್ನು ಹೊರಗಿಡುವುದಿಲ್ಲ, ಹಲ್ಲಿನಿಂದ ಕಡಿದು ಹರಿಯುತ್ತದೆ. ಅದರ ಜಾಗಕ್ಕೆ ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿ ಬಂತು. ನಾಲ್ಕು ಇಂಚು ಸಂದಿ ಇದ್ದರೆ ನರಿ ನುಸುಳಬಲ್ಲದು, ಆರಡಿ ಬೇಲಿಯನ್ನು ಹತ್ತಬಲ್ಲದು, ಮಣ್ಣಂತೂ ಅಗೆದೇ ಅಗೆಯುತ್ತದೆ. ಅಗೆತಕ್ಕೆ ಒಂದು ಸರಳ ಉಪಾಯವಿದೆ. ಜಾಲರಿಯನ್ನು ಗೋಡೆಯ ಬುಡದಿಂದ ಹೊರಮುಖವಾಗಿ ಒಂದೂವರೆ ಅಡಿ ನೆಲದ ಮೇಲೆ ಹಾಸಿ, ಮೊಳೆ ಹೊಡೆದು, ಮೇಲೆ ಹುಲ್ಲು ಮುಚ್ಚುವುದು. ನರಿ ಗೋಡೆಗೆ ಮೂಗು ತಾಗಿಸಿಯೇ ಅಗೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಅಗೆಯೋಣ ಎಂದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. (ಜಾಣತನಕ್ಕೆ ಹೆಸರಾದ ಪ್ರಾಣಿ!) ಕಂಬಗಳ ಮೇಲೆ ನಿಂತ ಗೂಡಿನ ಅಡಿಭಾಗವನ್ನೂ ಜಾಲರಿಯಿಂದ ಮುಚ್ಚಿದರು. ನರಿ ಒಳಗೆ ಬರದೇ ಹೋದರೂ, ರಾತ್ರಿ ಹಲಗೆಯ ಕೆಳಗೆ ಓಡಾಡಿದರೆ ಸಾಕು, ಹಕ್ಕಿಗಳು ಕತ್ತಲಲ್ಲಿ ಹೆದರಿ ಗೋಡೆಗೆ ಬಡಿದುಕೊಳ್ಳುತ್ತವೆ. ತಿರುಗುವ ಮರದ ಅಗುಳಿಗೆ ಬದಲು ಕಬ್ಬಿಣದ ಚಿಲಕ, ಮೇಲೊಂದು ಕೆಳಗೊಂದು.

ಎಲ್ಲಕ್ಕಿಂತ ಒಳ್ಳೆಯದು ಹುಡುಗನೇ ಕೇಳಿಕೊಂಡು ಮಾಡಿಸಿದ್ದು: ತಡವಾಗಿ ಬರುವ ಹಕ್ಕಿಗೆ ಎತ್ತರದಲ್ಲಿ ಪ್ರತ್ಯೇಕ ಸಣ್ಣ ಕೋಣೆ. ಅದರ ಕಿಂಡಿಯಲ್ಲಿ ಒಳಕ್ಕೆ ಮಾತ್ರ ತೂಗುವ ಸರಳುಗಳು, ಒಳಗೆ ನೀರು, ಕಾಳು. ಮುಖ್ಯ ಗೂಡಿಗೂ ಅದಕ್ಕೂ ನಡುವೆ ಜಾಲರಿಯ ಬಾಗಿಲು. ಉಳಿದವು ಚಿಲಕದೊಳಗೆ ಮಲಗಿರುತ್ತವೆ, ತಡವಾದದ್ದಕ್ಕೂ ಜಾಗವಿರುತ್ತದೆ.

ದೀಪ, ರೇಡಿಯೋ ಮೊದಲಾದುವು ಕೆಲವು ದಿನಗಳ ಮಾತು. ನರಿ ಬೇಗ ರೂಢಿ ಮಾಡಿಕೊಳ್ಳುತ್ತದೆ. ಆ ದೇಶದಲ್ಲಿ ಕಾಟದ ಪ್ರಾಣಿಗಳನ್ನು ಓಡಿಸಲು ಸಿಂಹದ ಲದ್ದಿಯ ಉಂಡೆಗಳನ್ನೂ ಮಾರಿದ್ದುಂಟಂತೆ, ದಾನಿಯೇಲನಿಗೆ ಕೇಳಿದ್ದರೆ ನಕ್ಕಾನು. ಗುಂಡು ಹೊಡೆದು ಒಂದನ್ನು ಕೊಂದರೂ ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. ವಿಷ ಇಡುವುದು ಅಲ್ಲಿಯೂ ಅಪರಾಧ.

ತಡವಾದ ಎರಡರಲ್ಲಿ ಒಂದು ಮರುದಿನವೇ ಬಂದಿತ್ತು. ಮಾಡಿನ ಮೇಲೆ ಕೂತಿತು, ಒಳಗೆ ಕಾಲಿಡಲಿಲ್ಲ. ರಕ್ತ ತೊಳೆದು ಸುಣ್ಣ ಬಳಿದರೂ ಇಲ್ಲ. ಹುಡುಗ ದಿನಾ ಸಂಜೆ ಕಾಳಿನ ಡಬ್ಬಿ ಅಲ್ಲಾಡಿಸುತ್ತ ಕೆಳಗೆ ನಿಲ್ಲುತ್ತಿದ್ದ. ಒಂಬತ್ತನೆಯ ದಿನ ಇಳಿಯಿತಂತೆ. ಇನ್ನೊಂದು ಬರಲೇ ಇಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ರೇಸ್ ಪಾರಿವಾಳದ ಹುಚ್ಚು ಬೆಂಗಳೂರು, ಚೆನ್ನೈಗಳಲ್ಲಿ ಬಹಳ. ನಮ್ಮಲ್ಲಿ ಕೆಲವು ಹುಡುಗರು ಟೆರೇಸಿನ ಮೇಲೆ ಸಾಕುತ್ತಾರೆ, ಕೋಳಿಗೂಡಂತೂ ಮನೆಮನೆಗೆ. ನಾವು ನರಿ ಎನ್ನುವುದು ಹೆಚ್ಚಾಗಿ ಗುಳ್ಳೆನರಿಯನ್ನು, ಇಂಗ್ಲೆಂಡಿನ ಕೆಂಪು ನರಿಯನ್ನಲ್ಲ. ಅದು ಅಗೆಯುತ್ತದೆ, ಹಾಗಾಗಿ ಕೆಂಪುಕಲ್ಲಿನ ಪಂಚಾಂಗ ಮತ್ತು ಮೇಲೆ ಹೇಳಿದ ಹಾಸುಜಾಲರಿ ಸಾಕು. ಪುನುಗು ಬೆಕ್ಕು ಮಾತ್ರ ಹಂಚು ಸರಿಸಿ ಮೇಲಿನಿಂದ ಇಳಿಯುತ್ತದೆ, ಮುಂಗುಸಿ ಹಗಲಲ್ಲೇ ಬರುತ್ತದೆ, ಹಾವಿಗೆ ಅರ್ಧ ಇಂಚಿನ ಕಣ್ಣಿನ ಜಾಲರಿಯೇ ಬೇಕು. ಹಗಲು ಹೊತ್ತಿನಲ್ಲಿ ಹೆದರಿಕೆಯಿಲ್ಲದೆ ಜನರ ಮೇಲೆ ಬರುವ ಗುಳ್ಳೆನರಿಗೆ ಹುಚ್ಚು ಹಿಡಿದಿರಬಹುದು. ಕಚ್ಚಿದರೆ, ಪರಚಿದರೂ, ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆ ದಿನವೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೋಳಿಗೂಡಿಗೆ, ಮರಗೆಣಸಿನ ಗದ್ದೆಗೆ ಮನೆಯ ಕರೆಂಟಿನಿಂದ ನೇರ ತಂತಿ ಎಳೆಯುವ ಅಭ್ಯಾಸ ಅಲ್ಲಲ್ಲಿ ಇದೆ ಎಂಬುದು ನಮ್ಮ ಕಿವಿಗೆ ಬಿದ್ದಿದೆ. 2025ರ ಜೂನ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಕಾಡುಹಂದಿಗೆಂದು ಇಟ್ಟ ಅಂಥ ತಂತಿಗೆ ತಗಲಿ ಹತ್ತನೆಯ ತರಗತಿಯ ಬಾಲಕನೊಬ್ಬ ತೀರಿಕೊಂಡ. ಗೆಳೆಯರೊಡನೆ ಮೀನು ಹಿಡಿಯಲು ಹೊರಟವನು. ಬೇಲಿಗೆಂದೇ ತಯಾರಾದ ಯಂತ್ರ ಸೆಕೆಂಡಿಗೊಮ್ಮೆ ಎಂಬಂತೆ ಕ್ಷಣಮಾತ್ರ ತಟ್ಟಿ ಬಿಡುತ್ತದೆ. ಮನೆಯ 230 ವೋಲ್ಟಿನ ಕರೆಂಟು ಹಿಡಿದರೆ ಬಿಡುವುದಿಲ್ಲ. ಅದಕ್ಕೆ ನರಿ ಯಾವುದು, ಜಪಸರ ಮುಗಿಸಿ ಹಿತ್ತಿಲಿನಿಂದ ಬರುವ ಮಗು ಯಾವುದು ಎಂಬ ಭೇದವಿಲ್ಲ. ವಿಷ, ಉರುಳು, ಇಂಥ ತಂತಿ ಎಲ್ಲವೂ ಕಾನೂನಿಗೆ ವಿರುದ್ಧ. ಗುಳ್ಳೆನರಿಗೂ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ.

ಅಂಥ ತಂತಿ ಇರುವ ಮನೆಯವರು ಈ ವಾರವೇ ತೆಗೆಯಬೇಕೆಂದು ಕೇಳಿಕೊಳ್ಳುತ್ತೇವೆ. ಯಾರ ಹೆಸರನ್ನೂ ಪ್ರಸಂಗದಲ್ಲಿ ಎತ್ತುವುದಿಲ್ಲ. ಜಾಲರಿ ಕೊಳ್ಳಲು ಕಷ್ಟವಿರುವವರು ತಮ್ಮ ವಾರ್ಡಿನ ಗುರಿಕಾರರಿಗೆ ತಿಳಿಸಲಿ. ಬಿಗಿದು ಕೊಡಲು ಯುವಜನ ಸಂಘದ ಹುಡುಗರು ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ಬರುತ್ತಾರೆ. ಏಣಿ, ಸುತ್ತಿಗೆ ಮನೆಯವರದ್ದೇ ಇರಲಿ.