ಬಸುರಿಯರ ಮಾತು ಯಾಕ ಬಿಟ್ರು?

‘ಲಾಸ್ಟ್’ ಅನ್ನೋ ಅಮೆರಿಕದ ಧಾರಾವಾಹಿ ಮುಗದದ್ದು 2010ರಾಗ. ನೋಡಿದವರು ಇವತ್ತಿಗೂ ವಾದಾ ಮಾಡ್ತಾರ. ವಿಮಾನ ಬಿದ್ದಾಗನ ಎಲ್ಲಾರೂ ಸತ್ತಿದ್ರು ಅಂತಾರ ಕೆಲವರು. ಅದು ತಪ್ಪು. ನಡೆದದ್ದೆಲ್ಲಾ ಖರೇನ ಅಂತ ಕಡೀ ಕಂತಿನೊಳಗ ಜ್ಯಾಕನ ಅಪ್ಪನ ಬಾಯಿಂದನ ಹೇಳಿಸ್ಯಾರ. ಸಮುದ್ರದಾಗ ಇನ್ನೊಂದು ದೋಣಿಯಿಂದ ಗುಂಡು ಹೊಡದವರು ಯಾರು ಅಂತ ಮತ್ತೊಂದು ಜಗಳ. ಯಾರರೆ ಇರ್ಲಿ ಬಿಡ್ರಿ ವೈನಿ, ಅದರಿಂದ ಕಥಿಗೇನೂ ಕಮ್ಮಿ ಆಗಿಲ್ಲ.

ನನಗ ಚುಚ್ಚೂದು ಬ್ಯಾರೆ. ಆ ದ್ವೀಪದಾಗ ಬಸುರಾದ ಹೆಂಗಸರು ಹಡಿಯೂದರೊಳಗ ಸಾಯ್ತಾರ. ಕಾರಣಾ ಹುಡುಕ್ಲಿಕ್ಕಂತನ ಜೂಲಿಯೆಟ್ ಅನ್ನೋ ಡಾಕ್ಟರನ್ನ ಕರಕೊಂಡು ಬಂದು, ಮೂರು ವರ್ಷಾದ್ರೂ ಊರಿಗೆ ಕಳಸ್ಲಿಲ್ಲ. ಸನ್ ಬಸುರಾದಾಗ ನಾವೂ ಕೂತು ತಿಂಗಳು ಎಣಿಸಿದ್ವಿ. ಮುಂದ 1977ರ ಕಥಿಯೊಳಗ ಅದs ಜೂಲಿಯೆಟ್ ಅಲ್ಲೇ ಒಂದು ಹೆರಿಗಿ ಮಾಡಿಸ್ತಾಳ, ತಾಯಿ ಕೂಸು ಇಬ್ಬರೂ ಉಳೀತಾರ. ಅಂದ್ರ ಈ ಪೀಡಾ ಆಮ್ಯಾಲೆ ಬಂದದ್ದು, ಬಾಂಬಿನಿಂದನ ಇರಬೇಕು ಅಂತ ಅಭಿಮಾನಿಗಳ ಲೆಕ್ಕ. ಇರಬಹುದು. ಧಾರಾವಾಹಿ ಮಾತ್ರ ಬಾಯಿಬಿಡಲಿಲ್ಲ.

ಎಲ್ಲಾ ಬಿಡಿಸಿ ಹೇಳ್ರಿ ಅಂತ ನಾ ಅನ್ನೂದಿಲ್ಲ. ಆ ಗುಹೆಯೊಳಗಿನ ಬೆಳಕು ಏನಂತ ಗೊತ್ತಾಗದಿದ್ರೂ ನಡೀತದ. ಆದ್ರ ಬಸುರಿಯರ ಜೀವದ ಮ್ಯಾಲೆ ನಮ್ಮನ್ನಷ್ಟು ಅಂಜಿಸಿ, ಆಮ್ಯಾಲೆ ಆ ಮಾತs ಎತ್ತದ ಹೋದ್ರ ಹೆಂಗ? ಜೂಲಿಯೆಟ್ ಸತ್ಲು, ಆಕಿ ಪ್ರಶ್ನೆನೂ ಆಕಿ ಜೋಡಿನ ಹೋತು. ಬಿಳಿ ಕರಡಿ ಎಲ್ಲಿಂದ ಬಂತು ಅಂತ ಹೇಳ್ಲಿಕ್ಕೆ ಅವರಿಗೆ ಪುರುಸೊತ್ತು ಸಿಕ್ತು, ಇದಕ್ಕ ಸಿಗಲಿಲ್ಲ.